ಮಾಡದಕೆರೆ ತಿಪ್ಪೇಸ್ವಾಮಿಯ ಬಿಪಿ

ಮನುಷ್ಯನ ಬಾಯಿ ಸುಳ್ಳು ಹೇಳಬಹುದು, ತೋಳು ಹೇಳುವುದಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಈಗ ತೋಳನ್ನೂ ನಂಬುವುದಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗಬೇಕಿತ್ತು, ಆದರೆ ನನಗೆ ಸಿಟ್ಟು ಬರುತ್ತಿದೆ. ನನ್ನ ಸ್ವಭಾವವೇ ಹಾಗೆ. ನಾಚಿಕೆ, ದುಃಖ, ಭಯ, ಏನೇ ಆದರೂ ಮೊದಲು ಸಿಟ್ಟಾಗಿಯೇ ಬರುತ್ತದೆ. ಮದುವೆಯ ದಿನ ತವರಿನಿಂದ ಹೊರಡುವಾಗ ಹೆಣ್ಣುಮಕ್ಕಳು ಅಳುತ್ತಾರಲ್ಲ, ನಾನು ಐಮಂಗಲದಿಂದ ಹೊರಡುವಾಗ ವ್ಯಾನಿನ ಡ್ರೈವರನ್ನು ಬೈದೆನಂತೆ. ಹಾರ್ನ್ ಹೊಡೆದು ಅವಸರ ಮಾಡಿದ ಎಂದು. ನಮ್ಮ ಮನೆಯವರು ಅದನ್ನು ಇವತ್ತಿಗೂ ನೆಂಟರ ಮುಂದೆ ಹೇಳಿಕೊಂಡು ನಗುತ್ತಾರೆ.

ನಾನು ಚಿತ್ರದುರ್ಗದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನರ್ಸು. ಸ್ಕ್ಯಾನಿಂಗ್ ಸೆಂಟರಿನಲ್ಲಿ ನರ್ಸಿಗೇನು ಕೆಲಸ, ಒಳಗಿನ ಫೋಟೋ ತೆಗೆಯುವುದು ಮಿಷನ್ನು ತಾನೆ ಎಂದು ಕೇಳುವವರು ಬಹಳ. ಮಿಷನ್ನಿನ ಬಾಯಿಗೆ ಮನುಷ್ಯನನ್ನು ಮಲಗಿಸಿ ತಳ್ಳುವ ಮೊದಲು ಅವನು ಯಾವ ಸ್ಥಿತಿಯಲ್ಲಿದ್ದಾನೆ ಎಂದು ನೋಡಬೇಕು ಸ್ವಾಮಿ. ಬಿಪಿ ಎಷ್ಟು, ನಾಡಿ ಎಷ್ಟು, ಉಸಿರು ಸರಿಯಾಗಿದೆಯೇ, ಜ್ವರ ಇದೆಯೇ, ತೂಕ ಎಷ್ಟು, ಸಕ್ಕರೆ ಕಾಯಿಲೆ ಇದೆಯೇ, ಯಾವುದಾದರೂ ಇಂಜೆಕ್ಷನ್ ಆಗಿಬರುವುದಿಲ್ಲವೇ, ಎಲ್ಲ ಕೇಳಬೇಕು. ಕೆಲವು ಸ್ಕ್ಯಾನಿಗೆ ನರಕ್ಕೆ ಡೈ ಎಂಬ ಔಷಧಿ ಕೊಡುತ್ತಾರೆ. ಅದನ್ನು ತೂಕ ನೋಡಿ ಕೊಡಬೇಕು. ಬಿಪಿ ವಿಪರೀತ ಇದ್ದರೆ ನಮ್ಮ ಡಾಕ್ಟರು ಕೊಡುವುದೇ ಇಲ್ಲ, ಇಳಿಸಿಕೊಂಡು ಬನ್ನಿ ಎಂದು ವಾಪಸ್ಸು ಕಳಿಸುತ್ತಾರೆ. ಅಂದರೆ ಒಳಗಿನ ಬಾಗಿಲು ತೆಗೆಯುವುದೂ ಮುಚ್ಚುವುದೂ ನನ್ನ ಪುಟ್ಟ ರೂಮಿನಲ್ಲಿ ತೀರ್ಮಾನವಾಗುತ್ತದೆ. ಈ ಜಂಬ ನನಗೆ ಇತ್ತು ಎಂದೇ ಇಟ್ಟುಕೊಳ್ಳಿ.

ಆದರೆ ಜಂಬಪಡಲು ಜನ ಬಿಡಬೇಕಲ್ಲ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಫೋನಿನಲ್ಲಿ ಸಾರಿ ಸಾರಿ ಹೇಳಿರುತ್ತೇವೆ. ಹಿರಿಯೂರಿನಿಂದ ಒಬ್ಬ ವ್ಯಾಪಾರಸ್ಥರು ಬಂದರು. ಏನಾದರೂ ತಿಂದಿದ್ದೀರಾ ಎಂದರೆ ಏನೂ ಇಲ್ಲ ಎಂದರು. ಮೀಸೆಯಲ್ಲಿ ಒಗ್ಗರಣೆಯ ಸಾಸಿವೆ ಕೂತಿತ್ತು. ಕೇಳಿದರೆ, ಬರಿಹೊಟ್ಟೆಯಲ್ಲಿ ಮನೆಯ ಹೊಸಿಲು ದಾಟಿಸಬಾರದು ಎಂದು ಹೆಂಡತಿ ನಾಲ್ಕು ತುತ್ತು ಉಪ್ಪಿಟ್ಟು ತಿನ್ನಿಸಿದ್ದಾಳಂತೆ, ಅದು ಶಾಸ್ತ್ರಕ್ಕೆ ತಿಂದಿದ್ದು, ಲೆಕ್ಕಕ್ಕಿಲ್ಲವಂತೆ. ಹೊಳಲ್ಕೆರೆಯ ಅಜ್ಜಿಯೊಬ್ಬರಿಗೆ ಮೈಮೇಲಿನ ಲೋಹವನ್ನೆಲ್ಲ ತೆಗೆದುಬಿಡಿ ಅಂದೆ. ಬಳೆ ತೆಗೆದರು, ಓಲೆ ತೆಗೆದರು. ಎದೆಯ ಚಿತ್ರ ನೋಡಿದರೆ ಸಾಲಾಗಿ ಸೇಫ್ಟಿ ಪಿನ್ನು. ಅವು ಯಾವಾಗಲೂ ಅಲ್ಲೇ ಇರುತ್ತವಮ್ಮ, ಅವನ್ನೂ ಆಭರಣ ಅಂತಾರಾ ಎಂದು ನನ್ನನ್ನೇ ಕೇಳಿದರು. ಇಂಥವರನ್ನು ದಿನವೆಲ್ಲ ಸಂಭಾಳಿಸಿ ಮನೆಗೆ ಹೋಗಿ, ಅಲ್ಲಿ ಅನ್ನಕ್ಕಿಡುವಾಗ ನಾನು ಪಾತ್ರೆ ಕುಕ್ಕಿದರೆ, ಯಾಕೆ ಕುಕ್ಕುತ್ತೀಯ ಎಂದು ಕೇಳುವ ಮನೆಯವರು ಬೇರೆ.

ಇದನ್ನೆಲ್ಲ ಹೇಗೋ ಸಹಿಸಬಹುದು. ಸಹಿಸಲಾಗದ್ದು ಜೊತೆಗೆ ಬರುವವರ ಕಾಟ. ನಮ್ಮ ಕಡೆ ಕಾಯಿಲೆಯವರು ಒಬ್ಬರೇ ಬರುವುದುಂಟೇ? ಅಣ್ಣ, ಅತ್ತಿಗೆ, ಭಾವ, ಪಕ್ಕದ ಮನೆಯವರು, ಬಸ್ಸಿನಲ್ಲಿ ಪರಿಚಯವಾದವರು, ಎಲ್ಲರೂ ಬರುತ್ತಾರೆ. ಬಂದವರು ಹೊರಗೆ ಕೂರಬೇಕೋ ಬೇಡವೋ? ಒಳಗೇ ನುಗ್ಗುತ್ತಾರೆ. ನಾನು ಕಾಯಿಲೆಯವರ ತೋಳಿಗೆ ಬಿಪಿ ಮಿಷನ್ನಿನ ಪಟ್ಟಿ ಸುತ್ತುತ್ತಿದ್ದ ಹಾಗೆ ಸುತ್ತಲಿನವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಾರೆ. ಪಟ್ಟಿ ಬಿಚ್ಚಿದ ಕೂಡಲೇ ಭಾವನ ತೋಳು ಮುಂದೆ ಬರುತ್ತದೆ. ಹೆಂಗೂ ಮಿಷನ್ನು ಹೊರಗೈತೆ, ನಂದೂ ಒಂದು ನೋಡಿಬಿಡ್ರಿ ಸಿಸ್ಟರೇ ಅನ್ನುತ್ತಾರೆ. ಭಾವನದು ನೋಡಿದರೆ ಅತ್ತಿಗೆಯದು, ಅತ್ತಿಗೆಯದು ಮುಗಿದರೆ ಪಕ್ಕದ ಮನೆಯವರದು. ಆಮೇಲೆ ಅವರವರಲ್ಲೇ ಹೋಲಿಕೆ ಶುರು. ನಿಂದೆಷ್ಟು, ನಂದು ನಿನಗಿಂತ ಹತ್ತು ಜಾಸ್ತಿ ಎಂದು ಏನೋ ಗೆದ್ದವರ ಹಾಗೆ ಹೇಳಿಕೊಳ್ಳುತ್ತಾರೆ. ಒಮ್ಮೆ ಬಾಗಿಲಲ್ಲಿ ನೀರಿನ ಕ್ಯಾನು ಇಳಿಸಲು ಬಂದಾತನೂ ಕ್ಯಾನು ಇಳಿಸಿ ತೋಳು ಚಾಚಿದ. ಅವತ್ತು ನನಗೆ ತಡೆಯಲಿಲ್ಲ. ಸಂಜೆಯೇ ಕಂಪ್ಯೂಟರಿನ ಅಂಗಡಿಗೆ ಹೋಗಿ ದಪ್ಪಕ್ಷರದಲ್ಲಿ ಬರೆಸಿಕೊಂಡು ಬಂದು ಬಾಗಿಲಿಗೆ ಅಂಟಿಸಿದೆ: ‘ಒಮ್ಮೆಗೆ ಒಬ್ಬರು ಮಾತ್ರ ಒಳಗೆ ಬರತಕ್ಕದ್ದು.’ ಎಂಥ ನೆಮ್ಮದಿ ಅನ್ನುತ್ತೀರಿ. ಕರೆದರೆ ಒಬ್ಬರು ಬರುವರು, ಕೂರುವರು, ತೋಳು ಕೊಡುವರು, ಹೋಗುವರು. ನಮ್ಮ ಡಾಕ್ಟರೂ ಮೆಚ್ಚಿಕೊಂಡರು.

ಈ ನೆಮ್ಮದಿಯ ದಿನಗಳಲ್ಲೇ ಮಾಡದಕೆರೆಯ ತಿಪ್ಪೇಸ್ವಾಮಿ ಬಂದದ್ದು. ಹೊಸದುರ್ಗ ತಾಲ್ಲೂಕಿನ ಮಾಡದಕೆರೆ. ಊರು ಸೇರಿಸಿ ಹೇಳಲೇಬೇಕು. ಚಿತ್ರದುರ್ಗದ ಯಾವುದೇ ಆಸ್ಪತ್ರೆಯ ವೆಯ್ಟಿಂಗ್ ಹಾಲಿನಲ್ಲಿ ನಿಂತು ಬರೀ ತಿಪ್ಪೇಸ್ವಾಮಿ ಎಂದು ಕೂಗಿದರೆ ನಾಲ್ಕು ಜನ ಎದ್ದು ನಿಲ್ಲುತ್ತಾರೆ, ಐದನೆಯವರು ನಮ್ಮ ಮಾವನಾ ಎಂದು ಕೇಳುತ್ತಾರೆ. ಆದ್ದರಿಂದ ನಮ್ಮ ಕೌಂಟರಿನ ಮಂಜುಳಾ ಊರು ಸೇರಿಸಿಯೇ ಕೂಗುತ್ತಾಳೆ. ಈ ತಿಪ್ಪೇಸ್ವಾಮಿಗೆ ಕಿಡ್ನಿಯ ಮೇಲೆ ಒಂದು ಗಂಟು ಕಾಣಿಸಿತ್ತು. ದಾವಣಗೆರೆಯ ಸರ್ಜನ್ನು, ಡೈ ಕೊಟ್ಟು ಸರಿಯಾಗಿ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ, ತಡ ಮಾಡಬೇಡಿ, ಗಂಟು ಕಿಡ್ನಿ ಬಿಟ್ಟು ಆಚೆ ಹೋದರೆ ನನ್ನ ಕೈ ಮೀರುತ್ತದೆ ಎಂದು ಹೇಳಿ ಕಳಿಸಿದ್ದರು. ಮಂಜುಳಾ ಕೂಗಿದಳು. ಒಬ್ಬರು ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು, ಎತ್ತರದ ಗಟ್ಟಿ ಆಳು. ಮಾಡದಕೆರೆಯವರಾ ಎಂದು ಕೇಳಿದೆ. ಹೌದ್ರಿ ಎಂದರು. ಕುರ್ಚಿಯಲ್ಲಿ ಕೂತು, ನನಗೇನೋ ದಾನ ಕೊಡುವವರ ಹಾಗೆ ತೋಳನ್ನು ಮೇಜಿನ ಮೇಲಿಟ್ಟು, ನೋಡ್ರಿ ಎಂದರು.

ನಾನು ಎಲ್ಲವನ್ನೂ ಕೇಳಿದೆ, ಇದನ್ನು ಒತ್ತಿ ಹೇಳುತ್ತಿದ್ದೇನೆ. ಸಕ್ಕರೆ ಕಾಯಿಲೆ ಇದೆಯೇ ಎಂದರೆ ನಮ್ಮ ಮನೇಲಿ ಯಾರಿಗೂ ಇಲ್ರಿ ಎಂದರು. ಉಬ್ಬಸ ಎಂದರೆ, ನಮ್ಮವ್ವಗೆ ಇತ್ತು, ತೀರಿಕೊಂಡು ಬಹಳ ದಿನ ಆಯ್ತು ಎಂದರು. ನೋವು ಎಲ್ಲಿ ಎಂದರೆ ತಮ್ಮ ಎಡಸೊಂಟದ ಮೇಲೆ ಕೈಯಿಟ್ಟು, ಇಲ್ಲಿ ನೋಡ್ರಿ, ಇಲ್ಲಿಂದ ಹಿಂಗೆ ಎಳೀತೈತೆ ಎಂದು ಗೆರೆ ಎಳೆದು ತೋರಿಸಿದರು. ಏನಾದರೂ ತಿಂದಿದ್ದೀರಾ ಎಂದರೆ, ನಿನ್ನೆ ರಾತ್ರಿಯಿಂದ ಹನಿ ನೀರೂ ಮುಟ್ಟಿಲ್ಲ ಎಂದರು, ಬಾಯಿ ಒಣಗಿದ್ದು ಕಾಣುತ್ತಿತ್ತು. ಉಪ್ಪಿಟ್ಟಿನ ಸಾಸಿವೆಯೂ ಇಲ್ಲ. ಇಂಥ ಶಿಸ್ತಿನ ಪೇಷಂಟನ್ನು ನೋಡಿಯೇ ಎಷ್ಟು ದಿನವಾಯಿತು ಎಂದುಕೊಂಡೆ. ತೂಕದ ಮಿಷನ್ನು ಹತ್ತಿ ಅಂದರೆ ಹತ್ತಿದರು. ನಾಡಿ ಹಿಡಿದರೆ ಗಟ್ಟಿಯಾಗಿ ಹೊಡೆದುಕೊಳ್ಳುತ್ತಿತ್ತು. ಬಿಪಿ ಮಾತ್ರ ಮೇಲಿನದ್ದು ಇನ್ನೂರರ ಹತ್ತಿರ. ಮಿಷನ್ನೇ ಸರಿಯಿಲ್ಲವೇನೋ ಎಂದು ಇನ್ನೊಂದು ಮಿಷನ್ನಿನಲ್ಲಿ, ಸ್ವಲ್ಪ ಹೊತ್ತು ಕೂರಿಸಿ, ಇನ್ನೊಂದು ತೋಳಿಗೆ, ಎಲ್ಲ ರೀತಿ ನೋಡಿದೆ, ಆದರೂ ಅಷ್ಟೇ. ಡಾಕ್ಟರು ಇವತ್ತು ಬೇಡ ಎಂದರು. ಊರ ಹತ್ತಿರದ ಡಾಕ್ಟರಿಗೆ ತೋರಿಸಿ, ಮಾತ್ರೆ ತೆಗೆದುಕೊಂಡು, ಇಳಿದ ಮೇಲೆ ಬನ್ನಿ ಎಂದು ಚೀಟಿ ಕೊಟ್ಟು ಕಳಿಸಿದೆವು.

ಕೆಲವು ವಾರ ಬಿಟ್ಟು ಬಂದರು. ಮಂಜುಳಾ ಕೂಗಿದಳು, ಅದೇ ಬಿಳಿ ಅಂಗಿ, ಅದೇ ತೋಳು. ಬಿಪಿ ಕೂದಲಷ್ಟೂ ಇಳಿದಿರಲಿಲ್ಲ. ಮಾತ್ರೆ ತಗೊಳ್ತಾ ಇಲ್ವಾ ಎಂದು ಗದರಿದೆ. ಒಂದು ಹೊತ್ತೂ ತಪ್ಪಿಸಿಲ್ಲ ಎಂದು ಅವರು ಆಣೆ ಮಾಡಿ ಹೇಳಿದರು. ಉಪ್ಪು ಬಿಟ್ಟಿದ್ದೀರಾ ಎಂದರೆ, ಮನೇಲಿ ಸಾರನ್ನೇ ಬೇರೆ ಮಾಡಿಸಿದ್ದೇವೆ ಎಂದರು. ನಾನು ನಂಬಲಿಲ್ಲ. ಉಪ್ಪು ಬಿಟ್ಟವರ ಮುಖ ಹೀಗೆ ಕಳೆಕಳೆಯಾಗಿ ಇರುವುದಿಲ್ಲ, ಇದು ನನ್ನ ಅನುಭವ. ಡಾಕ್ಟರು ಮತ್ತೆ ವಾಪಸ್ಸು ಕಳಿಸಿದರು. ಊರ ಹತ್ತಿರದ ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರಂತೆ. ನನಗೆ ಒಳಗೊಳಗೇ ಕುದಿಯುತ್ತಿತ್ತು. ಹೊಟ್ಟೆಯಲ್ಲಿ ಗಂಟು ಇಟ್ಟುಕೊಂಡು, ಸರ್ಜನ್ನು ಕಾಯುತ್ತಾ ಕೂತಿರುವಾಗ, ಒಂದು ಉಪ್ಪಿನಕಾಯಿ ಬಿಡಲಾಗದ ನಾಲಿಗೆಚಪಲ ಎಂಥದ್ದು? ಮನೆಯಲ್ಲಿ ಊಟಕ್ಕೆ ಕೂತಾಗಲೂ ಮಾಡದಕೆರೆಯವರನ್ನೇ ಬೈದೆ. ನಮ್ಮ ಮನೆಯವರು ಉಪ್ಪಿನಕಾಯಿಯ ಜಾಡಿಯನ್ನು ಸದ್ದಿಲ್ಲದೆ ನನ್ನಿಂದ ದೂರ ಸರಿಸಿದರು.

ಮತ್ತೆ ಬಂದ ದಿನ ನಾನು ತೀರ್ಮಾನ ಮಾಡಿಕೊಂಡೇ ಕೂತಿದ್ದೆ. ಇವತ್ತು ಬಿಪಿ ಇಳಿಯದಿದ್ದರೆ ಇವರಿಗೆ ಬುದ್ಧಿ ಕಲಿಸಿಯೇ ಕಳಿಸುವುದು ಎಂದು. ಪಟ್ಟಿ ಸುತ್ತಿದೆ, ಗಾಳಿ ತುಂಬಿತು, ಇಳಿಯಿತು. ನೂರಾ ತೊಂಬತ್ತೆಂಟು. ನನ್ನ ಬಾಯಿ ಬಿಚ್ಚಿಕೊಂಡಿತು. ನಿಮಗೆ ಜೀವದ ಮೇಲೆ ಆಸೆ ಇದೆಯೋ ಇಲ್ಲವೋ, ಹೆಂಡತಿ ಮಕ್ಕಳ ಮುಖ ನೋಡಬೇಡವೋ, ಸರ್ಜನ್ನು ನಿಮ್ಮೊಬ್ಬರಿಗಾಗಿ ಕಾದಿರುತ್ತಾರೋ ಎಂದು ಒಂದೇ ಉಸಿರಿಗೆ ಹೇಳಿದೆ. ಆ ದೊಡ್ಡ ಆಳು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು. ಕಣ್ಣಲ್ಲಿ ನೀರಾಡಿತು. ನನಗೇ ಒಂದು ಕ್ಷಣ ಪಾಪ ಅನ್ನಿಸಿತು. ಅಷ್ಟರಲ್ಲಿ ಹೊರಗಿನ ಹಾಲಿನಲ್ಲಿ ಯಾರೋ ಧೊಪ್ಪನೆ ಬಿದ್ದ ಸದ್ದು. ಇವರು ತೋಳಿನ ಪಟ್ಟಿಯ ಸಮೇತ ಎದ್ದು ಓಡಿದರು. ಪಟ್ಟಿಯ ಹಿಂದೆ ಟ್ಯೂಬು, ಟ್ಯೂಬಿನ ಹಿಂದೆ ನನ್ನ ಮಿಷನ್ನು, ಮಿಷನ್ನಿನ ಹಿಂದೆ ನಾನು.

ಬೆಂಚಿನಿಂದ ಜಾರಿ ಒಬ್ಬರು ನೆಲಕ್ಕೆ ಬಿದ್ದಿದ್ದರು. ಸಣಕಲು ಶರೀರ, ಬಿಳಿಚಿಕೊಂಡ ಮುಖ, ಮೈಯೆಲ್ಲ ತಣ್ಣನೆಯ ಬೆವರು. ಕಾಲು ಎತ್ತಿ ಹಿಡಿಯಿರಿ ಎಂದು ಮಂಜುಳಾಗೆ ಹೇಳಿ, ದೊಡ್ಡ ಆಳಿನ ತೋಳಿನಿಂದಲೇ ಪಟ್ಟಿ ಕಿತ್ತು ಬಿದ್ದವರ ತೋಳಿಗೆ ಸುತ್ತಿದೆ. ಮೇಲಿನದ್ದು ಎಂಬತ್ತನಾಲ್ಕು. ನಾಡಿ ದಾರದ ಎಳೆಯ ಹಾಗೆ ಸಿಕ್ಕಿಯೂ ಸಿಕ್ಕದು. ಡಾಕ್ಟರು ಓಡಿ ಬಂದರು, ಸಲೈನ್ ಹಾಕಿದೆವು. ಇವರ ಹೆಸರೇನು ಎಂದು ಡಾಕ್ಟರು ಕೇಳಿದರು. ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದ ಬಿಳಿ ಅಂಗಿಯವರು ಹೇಳಿದರು: “ತಿಪ್ಪೇಸ್ವಾಮಿ ಅಂತ ರೀ. ಮಾಡದಕೆರೆ.”

ನಾನು ಅವರ ಮುಖ ನೋಡಿದೆ. “ಹಂಗಾದ್ರೆ ನೀವ್ಯಾರು?”

“ನಾನು ಬಸಲಿಂಗಪ್ಪ. ಇವನ ಅಣ್ಣ ರೀ.”

ಓದುಗರೇ, ನನ್ನ ಬಾಯಿ ಇನ್ನೊಮ್ಮೆ ಬಿಚ್ಚಿಕೊಂಡಿತು. ಕರೆದದ್ದು ತಿಪ್ಪೇಸ್ವಾಮಿಯನ್ನು, ಸ್ಕ್ಯಾನಿರುವುದು ತಿಪ್ಪೇಸ್ವಾಮಿಗೆ, ಪ್ರತಿಸಲ ಬಂದು ನನ್ನ ಕುರ್ಚಿಯಲ್ಲಿ ಕೂತು ತೋಳು ಚಾಚಲು ನೀವ್ಯಾಕ್ರಿ ಬಂದಿರಿ ಎಂದು ಕೇಳಿದೆ. ಬಸಲಿಂಗಪ್ಪನವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಅವರು ಮೋಸ ಮಾಡಿರಲಿಲ್ಲ. ಮೋಸ ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಅವರು ತಮ್ಮ ಕರ್ತವ್ಯ ಮಾಡಿದ್ದರು.

“ಅಲ್ರಿ ಸಿಸ್ಟರೇ, ಏನಾದ್ರೂ ಆದ್ರೆ ನಾನೇ ಜವಾಬ್ದಾರಿ ಅಂತ ಕಾಗದಕ್ಕೆ ಸೈನು ಹಾಕಿದೋನು ನಾನಲ್ಲೇನ್ರಿ? ಸೈನು ಹಾಕಿದೋನ್ನೇ ನೋಡ್ತಾರೆ ಅನ್ಕಂಡೆ. ಗಟ್ಟಿ ಇದಾನಾ ಇಲ್ವಾ ಅಂತ. ಮ್ಯಾಲಾಗಿ ಒಬ್ರೇ ಬರ್ಬೇಕು ಅಂತ ನೀವೇ ಬರ್ಸೀರಿ. ಮನೇಲಿ ಹಿರಿಯೋನು ನಾನಿರೋವಾಗ, ಕಾಯ್ಲೆ ಬಿದ್ದೋನ್ನ ಒಬ್ಬನ್ನೇ ಹೆಂಗ್ರಿ ಕಳ್ಸಲಿ?”

ಬಾಗಿಲಿನ ದಪ್ಪಕ್ಷರಗಳ ಕಡೆ ಡಾಕ್ಟರು ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಸಲೈನಿನ ಬಾಟಲಿಯ ಕಡೆ ನೋಡಿದೆ.

ಉಳಿದದ್ದು ಒಂದೊಂದಾಗಿ ಹೊರಗೆ ಬಂತು. ಊರ ಹತ್ತಿರದ ಡಾಕ್ಟರ ಬಳಿಯೂ ತೋಳು ಚಾಚಿದ್ದು ಬಸಲಿಂಗಪ್ಪನವರೇ. ಚೀಟಿಯಲ್ಲಿದ್ದ ಹೆಸರು ತಮ್ಮನದು, ಮಾತ್ರೆ ತಮ್ಮನ ಹೆಸರಿಗೆ ಬಂತು. ತಂದ ಮಾತ್ರೆಯನ್ನು ತಮ್ಮನಿಗೆ ಎದುರಿಗೆ ನಿಂತು ನುಂಗಿಸುತ್ತಿದ್ದರು. ಅಣ್ಣನ ಬಿಪಿ ಇಳಿಯಲಿಲ್ಲ ಎಂದು ತಮ್ಮನ ಮಾತ್ರೆ ಜಾಸ್ತಿಯಾಯಿತು. ಬಿಪಿಯೇ ಇಲ್ಲದ ತಿಪ್ಪೇಸ್ವಾಮಿ ಉಪ್ಪಿಲ್ಲದ ಸಾರಿನಲ್ಲಿ ಮುದ್ದೆ ನುಂಗಿ, ಮೇಲೆ ಬಿಪಿ ಮಾತ್ರೆ ನುಂಗಿ, ತಲೆ ತಿರುಗುತ್ತೆ ಅಣ್ಣ ಅಂದರೆ, ಬಿಪಿ ಜಾಸ್ತಿ ಐತಲ್ಲೋ ಅದಕ್ಕೇ ಎಂದು ಹೇಳಿಸಿಕೊಂಡು, ಮಲಗಿಬಿಡುತ್ತಿದ್ದರು. ಬಿಪಿ ಇರುವ ಬಸಲಿಂಗಪ್ಪನವರು ಪಕ್ಕದಲ್ಲೇ ಕೂತು ಉಪ್ಪಿನಕಾಯಿ ನೆಂಚಿಕೊಂಡು ಉಂಡು, ತಮ್ಮನ ಸ್ಥಿತಿಗೆ ಕಣ್ಣೀರು ಹಾಕುತ್ತಿದ್ದರು. ಸ್ಕ್ಯಾನಿನ ಹಿಂದಿನ ರಾತ್ರಿ ಮಾತ್ರ ಅವರೂ ಉಣ್ಣುತ್ತಿರಲಿಲ್ಲ, ನೀರೂ ಕುಡಿಯುತ್ತಿರಲಿಲ್ಲ. ತಮ್ಮ ಉಪವಾಸ ಇರುವಾಗ ಅಣ್ಣ ಹೇಗೆ ತಿನ್ನುವುದು ಎಂದು. ಸೊಂಟದ ಮೇಲೆ ಗೆರೆ ಎಳೆದು ತೋರಿಸಿದ್ದೂ ತಮ್ಮನ ನೋವನ್ನೇ. ನಾನು ಕೇಳಿದ್ದಕ್ಕೆ ಅವರು ಒಂದೂ ಸುಳ್ಳು ಹೇಳಿರಲಿಲ್ಲ. ಅದನ್ನು ನೆನೆದರೇ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಸುಳ್ಳನ್ನು ಹಿಡಿಯಲು ನಾನು ತಯಾರಿದ್ದೆ, ಇದಕ್ಕೆ ಯಾರು ತಯಾರಿರುತ್ತಾರೆ?

ಡಾಕ್ಟರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಅವರು ಕೂಗಾಡುವವರಲ್ಲ, ಮೆಲ್ಲಗೆ ಮಾತಾಡುತ್ತಾರೆ, ಅದೇ ಭಯ. ಅಕಸ್ಮಾತ್ ಆ ಅಣ್ಣನ ಬಿಪಿ ಒಂದು ದಿನ ಸರಿಯಿದ್ದಿದ್ದರೆ ಅಣ್ಣನ ತೂಕಕ್ಕೆ ಡೈ ಲೆಕ್ಕ ಹಾಕಿ ಆ ಸಣಕಲು ಜೀವಕ್ಕೆ ಚುಚ್ಚುತ್ತಿದ್ದೆವು, ಗೊತ್ತಾಯಿತಾ ಎಂದರು. ಚೀಟಿಯಲ್ಲಿ ಐವತ್ತೆರಡು ವಯಸ್ಸು ಅಂತ ಇದೆ, ನಿಮ್ಮೆದುರು ಕೂತವರಿಗೆ ಅರವತ್ತು ದಾಟಿದೆ, ಒಂದು ಸಲವಾದರೂ ನಿಮ್ಮ ಹೆಸರೇನು ಎಂದು ಕೇಳಬಾರದಿತ್ತಾ ಎಂದರು. ನಾನು ಬಿಡಲಿಲ್ಲ. ಹೊಲದಲ್ಲಿ ದುಡಿದವರ ವಯಸ್ಸು ಮುಖದಲ್ಲಿ ತಿಳಿಯುವುದಿಲ್ಲ ಸರ್ ಎಂದೆ. ಮಾಡದಕೆರೆಯವರಾ ಎಂದು ಕೇಳಿದ್ದೆ ಸರ್, ಹೌದು ಎಂದರು ಎಂದೆ. ಮಾಡದಕೆರೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಅವರು ಕೇಳಿದರು. ಹೊರಗೆ ಬಂದು ಬಾಗಿಲ ಮೇಲಿನ ಕಾಗದವನ್ನು ಕಿತ್ತು ಹಾಕಿ, ಮಂಜುಳಾ ಮೇಲೆ ರೇಗಿದೆ. ಅವಳದೇನೂ ತಪ್ಪಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ತಿಪ್ಪೇಸ್ವಾಮಿಯವರ ಮಾತ್ರೆ ನಿಲ್ಲಿಸಿ, ನಾಲ್ಕೈದು ದಿನ ಚೆನ್ನಾಗಿ ಉಪ್ಪು ಖಾರ ತಿನ್ನಿಸಿ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದರು. ಬಸಲಿಂಗಪ್ಪನವರನ್ನು ಅವತ್ತೇ ಪಕ್ಕದ ಬೀದಿಯ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಅವರಿಗೆ ಅವರದೇ ಹೆಸರಿಗೆ ಮಾತ್ರೆ ಬರೆದುಕೊಟ್ಟರು.

ಮುಂದಿನ ಸಲ ಬಂದಾಗ ಮಂಜುಳಾ ಕೂಗುವ ಮೊದಲೇ ನಾನು ಹಾಲಿಗೆ ಹೋಗಿ ತಿಪ್ಪೇಸ್ವಾಮಿಯವರ ಕೈ ಹಿಡಿದು ಕರೆದುಕೊಂಡು ಬಂದೆ. ಹಿಂದೆಯೇ ಅಣ್ಣನೂ ಬಂದರು, ಬರಲಿ ಎಂದು ಬಿಟ್ಟೆ. ಬಿಪಿ ನೋಡಿದೆ, ಅಚ್ಚುಕಟ್ಟಾಗಿತ್ತು. ನಾಡಿ, ಉಸಿರು, ತೂಕ, ಎಲ್ಲ ನೋಡಿದೆ. ಕೈಗೆ ಸೂಜಿ ಹಾಕಲು ಹೊರಟೆ. ಅಷ್ಟು ದಿನ ನನ್ನೊಂದಿಗೆ ಒಂದು ಮಾತೂ ಆಡದಿದ್ದ ತಿಪ್ಪೇಸ್ವಾಮಿ ಕೈ ಹಿಂದಕ್ಕೆ ಎಳೆದುಕೊಂಡರು. ಅಣ್ಣಂದೂ ಒಂದ್ಸಲ ನೋಡ್ರಿ ಎಂದರು. ನೋಡಿದೆ. ಇನ್ನೂರು ದಾಟಿತ್ತು. ಮಾತ್ರೆ ತಗೊಳ್ತಿಲ್ವಾ ಎಂದರೆ ಬಸಲಿಂಗಪ್ಪ ಅಂಗಿಯ ಜೇಬಿನಿಂದ ಮಾತ್ರೆಯ ಹಾಳೆ ತೆಗೆದು ತೋರಿಸಿದರು. ಒಂದೂ ಒಡೆದಿರಲಿಲ್ಲ. ನನಗೇನೂ ಆಗಿಲ್ಲ, ಗಟ್ಟಿ ಇದ್ದೇನೆ, ಇವನ ಕೆಲಸ ಮುಗಿಯಲಿ, ಊರಿಗೆ ಹೋಗಿ ನೋಡೋಣ ಎಂದು ಏನೇನೋ ಹೇಳತೊಡಗಿದರು. ಮನೆ ನಡೆಸುವವನು ಮಾತ್ರೆ ನುಂಗುತ್ತಾ ಕೂತರೆ ಊರವರು ಏನೆಂದುಕೊಳ್ಳುತ್ತಾರೆ ಎಂಬುದು ಒಳಗಿನ ಮಾತು.

“ನಿಂದು ನೀನು ತಗಳ್ಳೋವರ್ಗೂ ನಾನು ಒಳಗೆ ಹೋಗಲ್ಲ ಅಣ್ಣ,” ಎಂದರು ತಿಪ್ಪೇಸ್ವಾಮಿ.

ಒಳಗೆ ಮಿಷನ್ನು ತಯಾರಾಗಿತ್ತು. ಡಾಕ್ಟರು ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದರು. ಬಸಲಿಂಗಪ್ಪ ಮೊದಲು ಗದರಿದರು, ಲೇ ಸುಮ್ನೆ ಹೋಗ್ಲೇ ಎಂದರು. ತಮ್ಮ ಅಲ್ಲಾಡಲಿಲ್ಲ. ಆಮೇಲೆ ರಮಿಸಿದರು. ಅದಕ್ಕೂ ಅಲ್ಲಾಡಲಿಲ್ಲ.

“ನಿಂದಂತ ಗೊತ್ತಿಲ್ದೆ ಇಷ್ಟು ದಿನ ನಾನೇ ನುಂಗೀನಿ,” ಎಂದರು ತಿಪ್ಪೇಸ್ವಾಮಿ ಮೆಲ್ಲಗೆ. “ತಲೆ ಸುತ್ತಿದ್ರೂ ನುಂಗೀನಿ, ನೀ ಕೊಟ್ಟೆ ಅಂತ. ನೀನೊಂದು ನುಂಗಕ್ಕಾಗಲ್ವಾ?”

ಬಸಲಿಂಗಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನಾನು ನೀರು ತಂದುಕೊಟ್ಟೆ. ಅವರು ನುಂಗಿದರು. ನುಂಗಿದ್ದನ್ನು ನಂಬದೆ ಬಾಯಿ ತೆಗೆಸಿ ನೋಡಿದೆ. ಆಮೇಲೆ ತಿಪ್ಪೇಸ್ವಾಮಿ ತಾವಾಗಿಯೇ ಕೈ ಮುಂದೆ ಮಾಡಿದರು. ನನಗೆ ಅಳು ಬರುವಂತಾಗಿತ್ತು, ಆದ್ದರಿಂದ ಇಬ್ಬರನ್ನೂ ಬೈದೆ. ಇಷ್ಟು ಹೊತ್ತು ಮಾಡಿದರೆ ಬೇರೆ ಪೇಷಂಟುಗಳು ಏನು ಮಾಡಬೇಕು ಎಂದು.

ಗಂಟು ಕಿಡ್ನಿ ಬಿಟ್ಟು ಆಚೆ ಹೋಗಿರಲಿಲ್ಲ. ದಾವಣಗೆರೆಯಲ್ಲಿ ಆಪರೇಷನ್ ಆಯಿತು, ತಿಪ್ಪೇಸ್ವಾಮಿ ಈಗ ಎದ್ದು ಓಡಾಡಿಕೊಂಡಿದ್ದಾರೆ. ಬಸಲಿಂಗಪ್ಪ ಸೆಂಟರಿಗೆ ಫೋನು ಮಾಡಿ ತಿಳಿಸಿದರು. ಈಗ ಉಪ್ಪಿಲ್ಲದ ಸಾರು ತಮಗೆ ಬಂದಿದೆಯಂತೆ, ತಮ್ಮನೋ ಎದುರಿಗೇ ಕೂತು ಉಪ್ಪಿನಕಾಯಿ ನೆಕ್ಕುತ್ತಾನಂತೆ, ನೀವಾದರೂ ಸ್ವಲ್ಪ ಬುದ್ಧಿ ಹೇಳ್ರಿ ಎಂದರು. ಯಾರಿಗೆ ಹೇಳಬೇಕು ಎಂದು ಯೋಚಿಸುತ್ತಾ ಫೋನಿಟ್ಟೆ.

ಇದಾದ ಮೇಲೆ ನಾನು ಈ ಜನರ ದಡ್ಡತನದ ಬಗ್ಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಒಬ್ಬರ ಹೆಸರು ಕರೆದರೆ ಇನ್ನೊಬ್ಬರು ಬಂದು ಕೂರುವುದೆಂದರೇನು, ಇವರಿಗೆ ತಾವು ಬೇರೆ, ಮನೆಯವರು ಬೇರೆ ಎಂಬುದೇ ತಿಳಿಯುವುದಿಲ್ಲವೇ ಎಂದು. ಹೀಗೆ ಹೇಳುತ್ತಿದ್ದ ದಿನಗಳಲ್ಲೇ ನಮ್ಮ ಅತ್ತೆ ಸಿದ್ದಮ್ಮನವರ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಅವರಿಗೆ ಎಪ್ಪತ್ತಾರು. ಚಿತ್ರದುರ್ಗದಲ್ಲೇ ಮಾಡಿಸೋಣ ಎಂದರೆ ಒಪ್ಪದೆ, ತಮ್ಮ ತವರಾದ ಹಿರಿಯೂರಿನಲ್ಲೇ ಆಗಬೇಕು ಎಂದು ಹಟ ಹಿಡಿದರು. ಕರೆದುಕೊಂಡು ಹೋದೆ. ಕೌಂಟರಿನಲ್ಲಿ ಹೆಸರು ಬರೆಸಿದ್ದು ನಾನು, ಸೈನು ಹಾಕಿದ್ದು ನಾನು, ಅವರ ಮಾತ್ರೆಯ ಚೀಲ, ನೀರಿನ ಬಾಟಲಿ, ಕನ್ನಡಕದ ಡಬ್ಬಿ ಎಲ್ಲ ನನ್ನ ಕೈಯಲ್ಲಿ. ಅತ್ತೆ ಬೆಂಚಿನ ಮೇಲೆ ಕೂತು ಪಕ್ಕದವರ ಹತ್ತಿರ ಯಾವ ಬೀದಿ, ಯಾರ ಮಗಳು ಎಂದು ವಿಚಾರಿಸುತ್ತಿದ್ದರು. ಒಳಗಿನಿಂದ ಸಿದ್ದಮ್ಮ ಎಂದು ಕೂಗಿದರು. ಬಂದೆ ಬಂದೆ ಎಂದು ಎದ್ದು ಒಳಗೆ ಹೋದೆ, ಕುರ್ಚಿಯಲ್ಲಿ ಕೂತೆ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ರವಿಕೆಯ ತೋಳು ಸರಿಸಿ ಕೈ ಮೇಜಿನ ಮೇಲೆ ಚಾಚಿದೆ. ಅಲ್ಲಿದ್ದ ನರ್ಸು ಚಿಕ್ಕ ಹುಡುಗಿ. ಒಂದು ಮಾತು ಕೇಳದೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಅಂಕಿ ನೋಡಿ, ಬರೆದುಕೊಂಡು, ನನ್ನ ಕೈಯನ್ನು ಪ್ರೀತಿಯಿಂದ ತಟ್ಟಿದಳು.

“ಸ್ವಲ್ಪ ಜಾಸ್ತಿ ಐತೆ ಅಜ್ಜಿ. ಎಪ್ಪತ್ತಾರು ವರ್ಷಕ್ಕೆ ಇಷ್ಟಿದ್ರೆ ಏನೂ ಹೆದ್ರಿಕೆ ಇಲ್ಲ.”

ನನಗೆ ನಲವತ್ತೆಂಟು. ಹೆಸರು ಕೇಳಲಿಲ್ಲ, ಹಾಳಾಗಿ ಹೋಗಲಿ. ಆ ಹುಡುಗಿ ಒಂದು ಸಲ ಮುಖವನ್ನಾದರೂ ನೋಡಬಾರದಿತ್ತೇ?